ಮೂರು ನಿಮಿಷ ಸಾಕು

ಮಾರ್ಚ್ ೪

ತಮ್ಮಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನಿನಲ್ಲಿ ನಾನು ಅರ್ಧ ವಾಕ್ಯ ಹೇಳುವಷ್ಟರಲ್ಲಿ ನೀನು "ಅರ್ಥ ಆಯ್ತು ಅಕ್ಕ, ಅರ್ಥ ಆಯ್ತು" ಎಂದು ಉಪದೇಶಕ್ಕೆ ಇಳಿಯುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನಗೆ ಬರುವುದಿಲ್ಲ. ಕೊನೆಯ ತನಕ ಓದು, ಆಮೇಲೆ ಪಾಂಡಿತ್ಯ ತೋರಿಸು.

ಮೊನ್ನೆ ಡಿಪೋದಲ್ಲಿ ನಮಗೆಲ್ಲ ಒತ್ತಡ ನಿರ್ವಹಣೆಯ ಪಾಠವಾಯಿತು. ಬಸ್ಸು ತೊಳೆಯುವ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಪಾಳಿ ಮುಗಿಸಿ ಬಂದವರನ್ನು ಬಾಗಿಲಲ್ಲೇ ಹಿಡಿದು ಕೂರಿಸಿದರು. ಬೆಳಗಿನ ಐದೂಕಾಲಿನಿಂದ ನಾನು ಸೀಟು ಬಿಟ್ಟು ಎದ್ದಿರಲಿಲ್ಲ. ತರಬೇತಿಯ ಹುಡುಗಿ ಮೈಕ್ ಹಿಡಿದು, "ಎಲ್ರೂ ಕಣ್ಣು ಮುಚ್ಚಿ. ನಿಮ್ಮೆದುರು ಒಂದು ದೊಡ್ಡ ಸರೋವರ ಇದೆ. ನೀರು ನಿಧಾನವಾಗಿ, ನಿಧಾನವಾಗಿ ದಡಕ್ಕೆ ಬರ್ತಾ ಇದೆ" ಎಂದಳು. ಹಿಂದಿನಿಂದ ಬಸ್ಸಿಗೆ ಪೈಪಿನಲ್ಲಿ ನೀರು ಹೊಡೆಯುವ ಸದ್ದು. ಇಡೀ ಪ್ರಪಂಚದಲ್ಲಿ ಇವಳಿಗೆ ನೀರು ಬಿಟ್ಟು ಬೇರೆ ಏನೂ ಸಿಗಲಿಲ್ಲವೇ? ನನ್ನ ಪಕ್ಕದಲ್ಲಿದ್ದ ಗೊಣಗಜ್ಜ, ಅವನು ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಚಾಲಕ, ಮುಂದಿನ ವರ್ಷ ನಿವೃತ್ತಿ, ಕಣ್ಣು ಮುಚ್ಚಿಕೊಂಡೇ, "ಈ ಸರೋವರದ ಪಕ್ಕದಲ್ಲಿ ಒಂದು ಪೊದೆ ಇದ್ಯಾ ಕೇಳಮ್ಮ" ಎಂದ.

ವಿಷಯ ಇದು. ನನ್ನ ನಲವತ್ತೊಂದನೇ ನಂಬರ್ ಬಸ್ಸು ಒಂದು ತುದಿಯಿಂದ ಇನ್ನೊಂದು ತುದಿಗೆ ಅರವತ್ತೆರಡು ನಿಮಿಷದ ದಾರಿ. ತುದಿ ಮುಟ್ಟಿದ ಮೇಲೆ ಎಂಟು ನಿಮಿಷ ನಿಲ್ಲುತ್ತಿದ್ದೆವು. ಅಲ್ಲಿ ಶೌಚಾಲಯವಿಲ್ಲ. ರಸ್ತೆ ದಾಟಿ, ಪೆಟ್ರೋಲ್ ಬಂಕಿನವನ ಹತ್ತಿರ ಬೀಗದ ಕೈ ಕೇಳಿ, ಹೋಗಿ, ಬಂದು ಕೂರಲು ಎಂಟು ನಿಮಿಷ ಬೇಕು. ಇನ್ನೊಂದು ತುದಿಯಲ್ಲಿ ಬಂಕೂ ಇಲ್ಲ. ಜನವರಿಯಿಂದ ಆ ಎಂಟನ್ನು ಮೂರು ಮಾಡಿದ್ದಾರೆ. ವೇಳಾಪಟ್ಟಿ ಮಾಡುವ ಅಧಿಕಾರಿಗೆ ನಾವು ನಿಮಿಷರಾಯ ಎಂದು ಹೆಸರಿಟ್ಟಿದ್ದೇವೆ. ಅವನು ಈ ಐದೈದು ನಿಮಿಷ ಕೂಡಿಸಿ ಒಂದು ಇಡೀ ಬಸ್ಸನ್ನೇ ಉಳಿಸಿದನಂತೆ, ಅದಕ್ಕೆ ಅವನಿಗೆ ಶಾಲು ಹೊದಿಸಿದರು.

ನನಗೆ ತಲೆನೋವು, ಎದೆ ಬಡಿತ, ಮನೆಗೆ ಬಂದರೆ ಯಾರ ಮೇಲಾದರೂ ಹರಿಹಾಯಬೇಕು ಅನ್ನಿಸುತ್ತದೆ. ಬಸ್ಸು ಓಡಿಸಿದ ಹನ್ನೊಂದು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ಪಾಠದ ಕೊನೆಗೆ ಒಂದು ಪುಸ್ತಿಕೆ ಕೊಟ್ಟರು, ಹೆಸರು "ಮೂರು ನಿಮಿಷ ಸಾಕು". ಯಾವ ಮಹಾನುಭಾವ ಬರೆದದ್ದೋ, ಮೇಲೆ ಹೆಸರಿಲ್ಲ. ಕಂಪನಿಗಳಿಗೆ ಇಂಥ ಪಾಠ ಮಾಡುವ ನಿನ್ನ ಕಸುಬಿನವರೇ ಇರಬೇಕು. ಯಾರೆಂದು ತಿಳಿದರೆ ಹೇಳು, ಅವನ ಹತ್ತಿರ ನನಗೆ ಎರಡು ಮಾತಿದೆ.

ಅಕ್ಕ


ಮಾರ್ಚ್ ೧೦

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದವನ್ನು ಕೊನೆಯ ತನಕ ಓದಿದೆ, ಎರಡು ಸಲ ಓದಿದೆ. ಸರೋವರದ ವಿಷಯಕ್ಕೆ ನಗು ಬಂತು.

ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೋ. ಒತ್ತಡ ನಮ್ಮ ಶತ್ರುವಲ್ಲ. ಅಪಾಯ ಬಂದಾಗ ಮೈ ತನ್ನನ್ನು ತಾನು ಸಿದ್ಧ ಮಾಡಿಕೊಳ್ಳುತ್ತದೆ, ಎದೆ ಬಡಿದುಕೊಳ್ಳುತ್ತದೆ, ಸ್ನಾಯು ಬಿಗಿಯುತ್ತದೆ. ಅಪಾಯ ಹೋದ ಮೇಲೆ ಮೈ ಸಡಿಲವಾಗಬೇಕು. ಸಡಿಲವಾಗುವುದನ್ನು ಮರೆತಾಗ ಕಾಯಿಲೆ. ಇದನ್ನು ಕಲಿಯಬಹುದು. ನಾಲ್ಕು ಎಣಿಸುತ್ತ ಉಸಿರು ಎಳೆದುಕೋ, ಆರು ಎಣಿಸುತ್ತ ಬಿಡು. ಚೆನ್ನಾಗಿ ನಿದ್ದೆ ಮಾಡು. ದಿನಕ್ಕೆ ಮೂರು ಲೀಟರ್ ನೀರು ಕುಡಿ, ನಿನ್ನ ತಲೆನೋವಿಗೆ ಅರ್ಧ ಕಾರಣ ನೀರು ಕಡಿಮೆಯಾಗಿರುವುದು.

ಇನ್ನೊಂದು ಕೆಲಸ ಹೇಳುತ್ತೇನೆ, ಸಿಟ್ಟು ಮಾಡದೆ ಮಾಡು. ಒಂದು ದಿನಚರಿ ಬರೆ. ಒತ್ತಡ ಬಂದಾಗ ಎಷ್ಟು ಹೊತ್ತು, ಎಲ್ಲಿ, ಮೈಗೆ ಏನಾಯಿತು, ನೀನು ಏನು ಮಾಡಿದೆ, ಇಷ್ಟೇ. ಹದಿನೈದು ದಿನ ಬರೆದರೆ ಅದರ ಬೇರು ಕಾಣುತ್ತದೆ. ಬಹಳ ಸಲ ಬೇರು ಕೆಲಸದಲ್ಲಿರುವುದಿಲ್ಲ, ಮನೆಯಲ್ಲಿರುತ್ತದೆ. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮನೆ ಹೇಗಿದೆ? ಭಾವ ಮಾತನಾಡುತ್ತಾರಾ, ಅಥವಾ ಮೊದಲಿನ ಹಾಗೆ ಟಿವಿಯ ಮುಂದೆಯಾ?

ಪುಸ್ತಿಕೆಯ ಬಗ್ಗೆ ಕೇಳಿದ್ದೀಯ. ಇಂಥವನ್ನು ಸಾಮಾನ್ಯವಾಗಿ ಒಬ್ಬರೇ ಬರೆಯುವುದಿಲ್ಲ, ಒಂದು ತಂಡ ಇರುತ್ತದೆ.

ನಿನ್ನ ತಮ್ಮ


ಮಾರ್ಚ್ ೨೧

ಪಂಡಿತರೇ,

ಭಾವ ಟಿವಿಯ ಮುಂದೆಯೇ ಇದ್ದಾರೆ, ಸುಖವಾಗಿದ್ದಾರೆ, ಅವರ ತಂಟೆಗೆ ಹೋಗಬೇಡ. ಮಗಳು ವಾರಕ್ಕೆರಡು ಸಲ ಫೋನ್ ಮಾಡಿ ನನಗೇ ಬುದ್ಧಿ ಹೇಳುತ್ತಾಳೆ. ಮನೆಯಲ್ಲಿ ಬೇರು ಹುಡುಕಿದರೆ ನಿನಗೆ ಕುಂಡದ ಗಿಡದ್ದು ಮಾತ್ರ ಸಿಕ್ಕೀತು.

ನೀನು ಹೇಳಿದ ಹಾಗೆ ದಿನಚರಿ ಬರೆದಿದ್ದೇನೆ. ಇಲ್ಲಿ ಸ್ವಲ್ಪ ನಕಲು ಮಾಡುತ್ತೇನೆ.

ಮಾರ್ಚ್ ೧೬. ಬೆಳಿಗ್ಗೆ ೭.೪೮. ಬಂಕಿನ ತುದಿ. ಎದೆ ಬಡಿತ, ಅಂಗೈ ಬೆವರು. ಏನು ಮಾಡಿದೆ: ಕಾಲಿನ ಮೇಲೆ ಕಾಲು ಬಿಗಿದು ಕುಳಿತೆ.

೯.೫೮. ಅದೇ ಜಾಗ. ಕಿಬ್ಬೊಟ್ಟೆ ನೋವು. ಏನು ಮಾಡಿದೆ: ನಿನ್ನ ಉಸಿರಾಟ. ನಾಲ್ಕು ಎಣಿಸಿ ಉಸಿರು ಎಳೆದರೆ ಹೊಟ್ಟೆ ಇನ್ನೂ ಕೆಳಗೆ ಒತ್ತುತ್ತದೆ, ನಿನಗೆ ಗೊತ್ತಿರಲಿ.

೧೨.೦೮. ಅದೇ ಜಾಗ. ಒಬ್ಬ ಪ್ರಯಾಣಿಕ ಏನೋ ಕೇಳಲು ಬಂದ, ಅವನ ಮೇಲೆ ರೇಗಿದೆ. ಪಾಪದವನು, ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೇಳಿದ್ದ ಅಷ್ಟೇ.

ಮಾರ್ಚ್ ೧೮, ೧೯, ೨೦, ಎಲ್ಲ ಹೀಗೇ. ಹದಿನೇಳನೆಯ ತಾರೀಕು ಬರೆದಿಲ್ಲ. ಅವತ್ತು ಪ್ಯಾಂಟಿನ ಮೇಲೆ ಕಾಫಿ ಚೆಲ್ಲಿತು, ಸೀಟು ಒದ್ದೆಯಾಯಿತು, ಅದರಲ್ಲೇ ದಿನ ಹೋಯಿತು. ಈಗ ಚೀಲದಲ್ಲಿ ಇನ್ನೊಂದು ಪ್ಯಾಂಟು ಇಟ್ಟುಕೊಂಡೇ ಹೊರಡುತ್ತೇನೆ.

ಬಂಕಿಗೆ ಹೋಗಿಯೇ ಬರುವ ದಿನ ಬಸ್ಸು ತಡವಾಗುತ್ತದೆ. ಪ್ರತಿ ಸುತ್ತಿಗೂ ನಮಗೊಂದು ಹಾಳೆ ಇದೆ, ಅದರಲ್ಲಿ "ತಡವಾದ ಕಾರಣ" ಎಂದು ಒಂದು ಅಂಕಣ. ನಾವು ಅದರಲ್ಲಿ "ಟ್ರಾಫಿಕ್" ಎಂದು ಬರೆಯುತ್ತೇವೆ. ಟೈರು ಪಂಕ್ಚರ್ ಆದರೂ ಟ್ರಾಫಿಕ್, ವಾಂತಿ ಬಂದರೂ ಟ್ರಾಫಿಕ್. ನಾನು ಕೆಲಸಕ್ಕೆ ಸೇರಿದ ದಿನ ಗೊಣಗಜ್ಜ ಹೇಳಿಕೊಟ್ಟ ಮೊದಲ ಪಾಠ ಅದು: "ಅಲ್ಲಿ ನಿಜ ಬರೀಬೇಡಮ್ಮ, ನಿಜಕ್ಕೆ ವಿವರಣೆ ಕೇಳ್ತಾರೆ. ಟ್ರಾಫಿಕ್ಕಿಗೆ ಯಾರೂ ಕೇಳಲ್ಲ."

ನೀರಿನ ವಿಷಯ. ನಮ್ಮಲ್ಲಿ ಪಾಳಿ ಮುಗಿಯುವ ತನಕ ಯಾರೂ ಒಂದು ಗುಟುಕೂ ಕುಡಿಯುವುದಿಲ್ಲ, ಕಾಫಿಯನ್ನೂ ಮುಟ್ಟುವುದಿಲ್ಲ. ನಿನ್ನ ಮೂರು ಲೀಟರಿನ ಉಪದೇಶವನ್ನು ಒಂದೇ ಒಂದು ದಿನ ಪಾಲಿಸಿದೆ. ಇನ್ನು ಆ ಮಾತು ಎತ್ತಬೇಡ.

ಅಕ್ಕ


ಏಪ್ರಿಲ್ ೨

ಪ್ರೀತಿಯ ಅಕ್ಕನಿಗೆ,

ಇಷ್ಟು ಕರಾರುವಾಕ್ಕಾದ ದಿನಚರಿಯನ್ನು ನನ್ನ ವೃತ್ತಿಯಲ್ಲಿ ನಾನು ನೋಡಿಲ್ಲ. ನಿಮಿಷ ಸಹಿತ ಬರೆದಿದ್ದೀಯ. ಅದನ್ನು ಮುಂದಿಟ್ಟುಕೊಂಡು ಒಂದು ಸಂಜೆ ಪೂರ್ತಿ ಯೋಚಿಸಿದೆ.

ನೀನೇ ಗಮನಿಸಿರಬಹುದು, ನಿನ್ನ ಒತ್ತಡವೆಲ್ಲ ಕೊನೆಯ ನಿಲ್ದಾಣದಲ್ಲೇ ಬರುತ್ತದೆ. ದಾರಿಯಲ್ಲಿ ಎಲ್ಲೂ ಇಲ್ಲ. ಇದು ಸಣ್ಣ ವಿಷಯವಲ್ಲ. ಕೆಲವರಿಗೆ ಒಂದು ಕೆಲಸ ಮುಗಿಯುವ ಹೊತ್ತು ಬಂದರೆ ಹೆದರಿಕೆಯಾಗುತ್ತದೆ. ಮಗಳು ಮನೆ ಬಿಟ್ಟಳು, ನಿನಗೆ ಐವತ್ತು ದಾಟಿತು, ಒಂದು ಕಾಲ ಮುಗಿಯಿತು ಎಂಬ ಅಳುಕು ಒಳಗೆ ಇರಬಹುದು. ಕೊನೆಯ ನಿಲ್ದಾಣ ಅದನ್ನೇ ಮತ್ತೆ ಮತ್ತೆ ನೆನಪಿಸುತ್ತಿರಬಹುದು. ತುದಿ ಮುಟ್ಟಿದಾಗ "ಇದು ಕೊನೆಯಲ್ಲ, ಇಲ್ಲಿಂದ ಮತ್ತೆ ಹೊರಡುತ್ತೇನೆ" ಎಂದು ಮನಸ್ಸಿನಲ್ಲೇ ಹೇಳಿಕೊಂಡು ನೋಡು.

ಮೇಲಧಿಕಾರಿಗಳ ಹತ್ತಿರ ಸೌಮ್ಯವಾಗಿ ಮಾತನಾಡು. ಸಿಟ್ಟಿನಿಂದ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಮತ್ತೆ ಕಾಫಿ ಕಡಿಮೆ ಮಾಡು, ಎದೆ ಬಡಿತಕ್ಕೆ ಅದು ಒಳ್ಳೆಯದಲ್ಲ.

ತಮ್ಮ


ಏಪ್ರಿಲ್ ೧೦

ತಮ್ಮಾ,

ನನ್ನ ಒಳಗಿನ ಅಳುಕು ಏನೆಂದು ಈಗ ಊರಿಗೆಲ್ಲ ಗೊತ್ತಾಗಿದೆ. ಯಾರೋ ಅದರ ವಿಡಿಯೋ ಮಾಡಿದ್ದಾರೆ.

ಏಳನೆಯ ತಾರೀಕು ೯.೫೮ಕ್ಕೆ ಬಂಕಿನ ತುದಿಗೆ ಬಂದೆ. "ಇದು ಕೊನೆಯಲ್ಲ" ಎಂದು ಹೇಳಿಕೊಳ್ಳಲಿಲ್ಲ. ಎಂಜಿನ್ ಆರಿಸಿ, ಬ್ರೇಕ್ ಹಾಕಿ, ಇಳಿದು ಹೋದೆ. ಬಂಕಿನವನು ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಗಾಳಿ ತುಂಬುವ ಕಡೆ ಹೋಗಿದ್ದ, ಅವನನ್ನು ಹುಡುಕಬೇಕಾಯಿತು. ಬಸ್ಸಿನಲ್ಲಿ ಹತ್ತೊಂಬತ್ತು ಜನ ಕುಳಿತಿದ್ದರು. ಹನ್ನೆರಡು ನಿಮಿಷ ಹಿಡಿಯಿತು. ತಿರುಗಿ ಬಂದರೆ ಟೈ ಕಟ್ಟಿದ ಒಬ್ಬ ಫೋನ್ ಎತ್ತಿ ಹಿಡಿದು, "ನೋಡಿ, ಡ್ರೈವರಮ್ಮ ಈಗ ಬರ್ತಾ ಇದ್ದಾರೆ, ವಾಕಿಂಗ್ ಮುಗೀತಂತೆ" ಎನ್ನುತ್ತಿದ್ದ. ನಾನು ಹತ್ತಿ ಕುಳಿತು ಬಸ್ಸು ಹೊರಡಿಸಿದೆ. ಏನೆಂದು ಹೇಳಲಿ, ಅಷ್ಟು ಜನ ಗಂಡಸರ ಎದುರು?

ಮರುದಿನವೇ ನನ್ನನ್ನು ಕೆಲಸದಿಂದ ಅಮಾನತು ಮಾಡಿದರು. ಪ್ರಯಾಣಿಕರನ್ನು ಬಿಟ್ಟು ಹೋದದ್ದು, ಶಿಸ್ತು ಉಲ್ಲಂಘನೆ. ಮೇ ಐದಕ್ಕೆ ವಿಚಾರಣೆ. ತಪ್ಪು ಸಾಬೀತಾದರೆ ಚಾಲಕಿಯ ಕೆಲಸ ಹೋಗುತ್ತದೆ, ಟಿಕೆಟ್ ಕಿಟಕಿಯಲ್ಲಿ ಕೂರಿಸುತ್ತಾರೆ, ಅದೂ ಅವರಿಗೆ ದಯೆ ಬಂದರೆ. ಸ್ಟೀರಿಂಗ್ ಬಿಟ್ಟು ನಾನು ಬದುಕಿಲ್ಲ, ಅದು ನಿನಗೆ ಗೊತ್ತು. ಲೈಸೆನ್ಸ್ ತೆಗೆದುಕೊಂಡ ದಿನ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಾಗ ನೀನು ಕಣ್ಣು ಮುಚ್ಚಿಕೊಂಡಿದ್ದೆ.

ನೋಟಿಸಿನ ಜೊತೆ ನಿಮಿಷರಾಯನ ಒಂದು ಟಿಪ್ಪಣಿ ಇದೆ. ಅದನ್ನು ಓದಿದಾಗಿನಿಂದ ಮೈ ಉರಿಯುತ್ತಿದೆ. ಅವನ ಮಾತಿನಲ್ಲೇ ಕೇಳು: "ಸಂಸ್ಥೆಯು ಪಡೆದಿರುವ ಒತ್ತಡ ನಿರ್ವಹಣಾ ತರಬೇತಿಯ ಪ್ರಕಾರ, ದುಡಿಯುವ ವ್ಯಕ್ತಿ ಪೂರ್ಣವಾಗಿ ಚೇತರಿಸಿಕೊಳ್ಳಲು ಮೂರು ನಿಮಿಷ ಸಾಕೆಂದು ತಜ್ಞರು ತೋರಿಸಿಕೊಟ್ಟಿರುವುದರಿಂದ, ತುದಿ ನಿಲ್ದಾಣದ ಬಿಡುವನ್ನು ಅದರಂತೆ ನಿಗದಿಪಡಿಸಲಾಗಿದೆ."

ನೋಡಿದೆಯಾ? ಆ ಪುಸ್ತಿಕೆ ನಮ್ಮ ಕೈಗೆ ಬರುವ ಮೊದಲೇ ಅವನ ಕೈಗೆ ಹೋಗಿದೆ. ಮೊದಲು ನಿಮಿಷ ಕಿತ್ತುಕೊಂಡು, ಆಮೇಲೆ ಶೆಡ್ಡಿನಲ್ಲಿ ಕೂರಿಸಿ ಸರೋವರ ತೋರಿಸಿದ್ದಾರೆ.

ಯಾವ ತಜ್ಞ ತಮ್ಮಾ ಅವನು? ಅವನನ್ನು ಹುಡುಕಿ ಕೊಡು. ಅವನ ಕಾಲು ಬೇಕಾದರೂ ಹಿಡಿಯುತ್ತೇನೆ. ಮೂರು ನಿಮಿಷ ಎಂದರೆ ಏನೆಂದು ಅವನೇ ಬಂದು ಹೇಳಲಿ.

ಅಕ್ಕ


ಏಪ್ರಿಲ್ ೧೯

ಒಂಬತ್ತು ದಿನವಾಯಿತು. ಫೋನೂ ಎತ್ತುತ್ತಿಲ್ಲ. ಕಾಗದ ಸಿಕ್ಕಿತೋ ಇಲ್ಲವೋ ಅದನ್ನಾದರೂ ಹೇಳು. ನನಗೆ ವೈದ್ಯರು ಮೂತ್ರದ ಸೋಂಕು ಎಂದು ಮಾತ್ರೆ ಕೊಟ್ಟಿದ್ದಾರೆ, ಜ್ವರ ಇದೆ, ಬೇರೆ ಏನೂ ಇಲ್ಲ.

ಅಕ್ಕ


ಏಪ್ರಿಲ್ ೨೦

ಅಕ್ಕ,

ಆ ತಜ್ಞ ನಾನೇ.

ಇದನ್ನು ಹೇಗೆ ಶುರು ಮಾಡಿದರೂ ಅಷ್ಟೇ, ಅದಕ್ಕೇ ಮೊದಲ ಸಾಲಿನಲ್ಲೇ ಬರೆದೆ. ಪುಸ್ತಿಕೆ ಬರೆದದ್ದು ನಾನು. ತಂಡ ಗಿಂಡ ಏನೂ ಇಲ್ಲ. ಮೂರು ವರ್ಷದ ಹಿಂದೆ ಬರೆದೆ, ನಮ್ಮ ತರಬೇತಿ ಕಂಪನಿ ಅದನ್ನು ಅಲ್ಲಿ ಇಲ್ಲಿ ಮಾರುತ್ತದೆ, ಯಾರಿಗೆ ಮಾರುತ್ತದೆ ಎಂದು ನನಗೆ ಹೇಳುವುದಿಲ್ಲ. ನಿನ್ನ ಮಾರ್ಚಿನ ಕಾಗದದಲ್ಲಿ ಆ ಹೆಸರು ಕಂಡಾಗಲೇ ತಿಳಿಯಿತು. ನೀನು ಬೈಯುತ್ತೀಯ ಎಂದು ಹೇಳಲಿಲ್ಲ. ಆಗ ನನಗೆ ಅದು ಬೈಗುಳದಲ್ಲಿ ಮುಗಿಯುವ ವಿಷಯ ಅನ್ನಿಸಿತ್ತು.

ಮೂರು ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳುತ್ತೀಯ. ಯಾವ ಸಂಶೋಧನೆಯಿಂದಲೂ ಅಲ್ಲ. ಸಭಾಂಗಣದಲ್ಲಿ ಜನರನ್ನು ಕಣ್ಣು ಮುಚ್ಚಿ ಕೂರಿಸಿದರೆ ನಾಲ್ಕನೇ ನಿಮಿಷಕ್ಕೆ ಕೆಮ್ಮಲು ಶುರು ಮಾಡುತ್ತಾರೆ, ಫೋನ್ ತೆಗೆಯುತ್ತಾರೆ. ಅದಕ್ಕೆ ಮೂರು ನಿಮಿಷ ಇಟ್ಟೆ. ಮೊದಲು ಐದು ಎಂದು ಬರೆದಿದ್ದೆ, ನಮ್ಮ ಮಾರಾಟದವರು "ಐದು ಅಂದ್ರೆ ಕೊಳ್ಳೋರು ಹಿಂದೆಮುಂದೆ ನೋಡ್ತಾರೆ" ಎಂದರು. ಅದು ಉಸಿರಾಟದ ಒಂದು ಅಭ್ಯಾಸ ಮಾತ್ರ. ಮನುಷ್ಯನಿಗೆ ಬೇಕಾದ ಬಿಡುವು ಅಷ್ಟೇ ಎಂದು ನಾನು ಎಲ್ಲೂ ಬರೆದಿಲ್ಲ. ಆದರೆ ಹೊದಿಕೆಯ ಮೇಲೆ "ಸಾಕು" ಎಂಬ ಮಾತು ಹಾಕಿದ್ದು ನಾನೇ, ಅದು ಕಿವಿಗೆ ಚೆನ್ನಾಗಿತ್ತು.

ಮೇಲಿನವರನ್ನು ಕೇಳಿದೆ. ನಿನ್ನ ಸಂಸ್ಥೆಯ ಜೊತೆ ಮೂರು ವರ್ಷದ ಒಪ್ಪಂದ ಇದೆ, ವಿಚಾರಣೆಯಲ್ಲಿ ನಮ್ಮವರು ಯಾರೂ ಬಾಯಿ ಹಾಕಬಾರದು ಎಂದರು. ಅಕ್ಕ, ನಾನು ಬೇರೆ ಏನು ಬೇಕಾದರೂ ಮಾಡುತ್ತೇನೆ. ಒಳ್ಳೆಯ ವಕೀಲರೊಬ್ಬರು ಗೊತ್ತು. ನಿನ್ನ ಹೇಳಿಕೆಯನ್ನು ಚೆನ್ನಾಗಿ ಬರೆದುಕೊಡುತ್ತೇನೆ. ನನ್ನ ಹೆಸರು ಮಾತ್ರ ಅದರಲ್ಲಿ ಬೇಡ.

ತಮ್ಮ


ಏಪ್ರಿಲ್ ೨೫

ನಿನ್ನ ವಕೀಲನೂ ಬೇಡ, ನೀನು ಚೆನ್ನಾಗಿ ಬರೆದುಕೊಡುವುದೂ ಬೇಡ. ನೀನು ಚೆನ್ನಾಗಿ ಬರೆದದ್ದರಿಂದಲೇ ನಾನು ಮನೆಯಲ್ಲಿ ಕುಳಿತಿರುವುದು.

ಆರು ವಾರ! ಆರು ವಾರ ನನ್ನ ಕಾಗದ ಓದಿ, ಬೇರು ಹುಡುಕಿದೆ, ಮಗಳು ಎಂದೆ, ಭಾವ ಎಂದೆ, ವಯಸ್ಸು ಎಂದೆ. ಬೇರು ನಿನ್ನ ಮೇಜಿನ ಮೇಲೆಯೇ ಇತ್ತು. ನಾನು ಯಾರ ಕಾಲು ಹಿಡಿಯಲಿ ಎಂದು ನಿನ್ನನ್ನೇ ಕೇಳಿದೆನಲ್ಲ, ನನಗೆ ನಾಚಿಕೆಯಾಗುತ್ತಿದೆ. ನಿನಗಾಗಬೇಕು ಅದು.

ಹದಿನೇಳನೆಯ ತಾರೀಕಿನ ವಿಷಯ ಹೇಳುತ್ತೇನೆ, ಕೇಳು. ಭಾವನಿಗೂ ಹೇಳಿಲ್ಲ. ಅವತ್ತು ಚೆಲ್ಲಿದ್ದು ಕಾಫಿಯಲ್ಲ. ನಿನ್ನ ಕಾಗದ ಬಂದಿತ್ತು, ತಮ್ಮ ಓದಿದವನು, ಅವನ ಮಾತಿನಲ್ಲಿ ಏನೋ ಇರುತ್ತದೆ ಎಂದು ಬೆಳಿಗ್ಗೆ ಎರಡು ಬಾಟಲಿ ನೀರು ಕುಡಿದು ಹೊರಟೆ. ಎರಡನೇ ಸುತ್ತಿನಲ್ಲಿ, ಬಂಕಿಗೆ ಇನ್ನೂ ನಾಲ್ಕು ನಿಲ್ದಾಣ ಇರುವಾಗ, ಸೀಟಿನಲ್ಲೇ ಆಗಿಹೋಯಿತು. ಬಸ್ಸಿನ ತುಂಬ ಜನ. ಹಿಂದೆ ಶಾಲೆಯ ಮಕ್ಕಳು ನಗುತ್ತಿದ್ದರು, ಬೇರೆ ಯಾವುದಕ್ಕೋ ನಗುತ್ತಿದ್ದರು, ನನಗೆ ಮಾತ್ರ ನನ್ನನ್ನು ನೋಡಿಯೇ ನಗುತ್ತಿದ್ದಾರೆ ಅನ್ನಿಸಿತು. ಹಾಗೇ ಓಡಿಸಿದೆ. ಆ ಸುತ್ತು ಮುಗಿಸಿ ಇನ್ನೊಂದು ಸುತ್ತನ್ನೂ ಓಡಿಸಿದೆ. ಅಂಕಣದಲ್ಲಿ "ಟ್ರಾಫಿಕ್" ಎಂದು ಬರೆದೆ. ಡಿಪೋದಲ್ಲಿ ಎಲ್ಲರೂ ಇಳಿದು ಹೋಗುವ ತನಕ ಸೀಟಿನಿಂದ ಏಳಲಿಲ್ಲ. ಐವತ್ತೊಂದು ವರ್ಷದ ಹೆಂಗಸು ನಾನು, ಒಬ್ಬಳನ್ನು ಹೆತ್ತು ಬೆಳೆಸಿದವಳು, ನಿನ್ನ ಮೂಗು ಒರೆಸಿದವಳು.

ಇದಕ್ಕೆ ಒತ್ತಡ ಎಂದು ಹೆಸರಿಡಬೇಡಿ. ಬೆಂಕಿಯ ಮೇಲೆ ಕೂರಿಸಿ, ಬಿಸಿಯನ್ನು ನಿರ್ವಹಿಸಿಕೋ ಎಂದು ಪಾಠ ಮಾಡುವವರು ನೀವು. ನಿನಗೆ ನನ್ನ ಮೇಲೆ ಅಕ್ಕರೆ ಇದೆ, ಗೊತ್ತು. ನನಗೆ ಈಗ ಅದು ಬೇಡ. ಈಗ ನನಗೆ ಬೇಕಾಗಿರುವುದು ಒಂದು ಹಾಳೆ. ಆ ಮೂರು ಎಲ್ಲಿಂದ ಬಂತು ಎಂದು ನನಗೆ ಬರೆದದ್ದನ್ನೇ ಅವರಿಗೆ ಬರೆ. ಕೆಳಗೆ ನಿನ್ನ ಹೆಸರು ಹಾಕು. ಆಗದಿದ್ದರೆ ಕಾಗದ ಬರೆಯುವ ಕಷ್ಟ ತೆಗೆದುಕೊಳ್ಳಬೇಡ.


ಏಪ್ರಿಲ್ ೨೯

ಅಕ್ಕ,

ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ಜೊತೆಗಿರುವ ಹಾಳೆಯ ಒಂದು ಪ್ರತಿ ನಿನ್ನ ವಿಚಾರಣಾಧಿಕಾರಿಗೆ ಹೋಗಿದೆ, ಇನ್ನೊಂದನ್ನು ನಮ್ಮ ಕಂಪನಿಯಲ್ಲಿ ನಾನೇ ಕೈಯಾರೆ ಕೊಟ್ಟೆ. ಒಳಗೆ ಇರುವುದು ಇಷ್ಟು:

"ಈ ಪುಸ್ತಿಕೆಯನ್ನು ಬರೆದವನು ನಾನು. ಮೂರು ನಿಮಿಷ ಎಂಬುದು ಉಸಿರಾಟದ ಒಂದು ಅಭ್ಯಾಸಕ್ಕೆ ಇಟ್ಟ ಅವಧಿ. ಅದಕ್ಕೆ ಅಧ್ಯಯನದ ಆಧಾರವಿಲ್ಲ, ಕೇಳುಗರಿಗೆ ಬೇಸರವಾಗದಿರಲೆಂದು ಇಟ್ಟದ್ದು. ಎರಡು ಗಂಟೆ ಕಾಲ ಬಸ್ಸು ಓಡಿಸಿದವರು ಇಳಿದು, ರಸ್ತೆ ದಾಟಿ, ಶೌಚಾಲಯಕ್ಕೆ ಹೋಗಿ, ನೀರು ಕುಡಿದು ಬರಲು ಮೂರು ನಿಮಿಷ ಸಾಲದು ಎಂದು ತಿಳಿಯಲು ತಜ್ಞರು ಬೇಕಾಗಿಲ್ಲ. ಮನುಷ್ಯನ ಮೈಗೆ ಬೇಕಾದ್ದನ್ನು ಕೊಡದೆ ಅವನಿಗೆ ಒತ್ತಡ ನಿರ್ವಹಣೆ ಕಲಿಸುವುದು ತಪ್ಪು. ಆ ತಪ್ಪಿನಲ್ಲಿ ನನ್ನ ಪಾಲಿದೆ. ಚಾಲಕಿ ನನ್ನ ಅಕ್ಕ ಎಂಬುದನ್ನೂ ಇಲ್ಲಿ ತಿಳಿಸುತ್ತಿದ್ದೇನೆ."

ನಿನ್ನ ಹದಿನೇಳನೆಯ ತಾರೀಕಿನ ವಿಷಯ ಅದರಲ್ಲಿ ಬರೆದಿಲ್ಲ. ಅದು ನಿನ್ನದು.

ಆ ಮೂರು ನಿಮಿಷದ ಅಭ್ಯಾಸವನ್ನು ನಾನು ಒಂದು ದಿನವೂ ಮಾಡಿದವನಲ್ಲ ಅಕ್ಕ. ನನಗೂ ಎದೆ ಬಡಿದುಕೊಳ್ಳುತ್ತದೆ, ಮಾತ್ರೆ ನುಂಗಿ ಭಾಷಣಕ್ಕೆ ಹೋಗುತ್ತೇನೆ. ಇಷ್ಟು ದಿನ ಇದನ್ನು ಯಾರಿಗೂ ಹೇಳಿರಲಿಲ್ಲ.

ತಮ್ಮ


ಮೇ ೧೪

ತಮ್ಮಾ,

ವಿಚಾರಣೆ ಹೇಗಾಯಿತು ಎಂದು ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದ್ದರೆ ಅರ್ಧ ಬೈಗುಳ, ಅರ್ಧ ಅಳು ಆಗುತ್ತಿತ್ತು. ಈಗ ಕ್ರಮವಾಗಿ ಹೇಳುತ್ತೇನೆ.

ಡಿಪೋ ಮ್ಯಾನೇಜರನ ಕೋಣೆ. ಮೇಜಿನ ಆಚೆ ಮ್ಯಾನೇಜರ್, ನಿಮಿಷರಾಯ, ಮುಖ್ಯ ಕಚೇರಿಯಿಂದ ಬಂದ ಒಬ್ಬ ದೊಡ್ಡ ಅಧಿಕಾರಿ. ಮೂವರ ಮುಂದೆಯೂ ನೀರಿನ ಬಾಟಲಿ. ನಿಮಿಷರಾಯ ಮೊದಲು ಒಂದು ಕಟ್ಟು ಹಾಳೆ ಬಿಚ್ಚಿದ. "ನಾಲ್ಕು ತಿಂಗಳ ಹಾಳೆ ಸಾರ್. ನಲವತ್ತು ಜನ ಚಾಲಕರು. ಒಬ್ರಾದ್ರೂ ಶೌಚಾಲಯಕ್ಕೆ ಹೊತ್ತು ಸಾಲ್ತಿಲ್ಲ ಅಂತ ಬರ್ದಿದ್ದಾರಾ ನೋಡಿ. ಎಲ್ರೂ ಟ್ರಾಫಿಕ್ ಅಂತಲೇ ಬರ್ದಿದ್ದಾರೆ." ಅವನು ಹೇಳಿದ್ದು ಸುಳ್ಳಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಅದರಲ್ಲಿ ನನ್ನ ಅಕ್ಷರದ ಹಾಳೆಗಳೇ ಎಷ್ಟಿದ್ದವು.

ಆಮೇಲೆ ನಿನ್ನ ಹೇಳಿಕೆ ಓದಿದರು. "ಬೇಸರವಾಗದಿರಲೆಂದು" ಎಂಬಲ್ಲಿ ದೊಡ್ಡ ಅಧಿಕಾರಿ ಓದುವುದನ್ನು ನಿಲ್ಲಿಸಿ, ಮತ್ತೆ ಅದೇ ಸಾಲು ಓದಿದ. ನಿಮಿಷರಾಯ ನಕ್ಕು, "ಇವ್ರ ತಮ್ಮ ಬರ್ದಿದ್ದು ಸಾರ್. ಅಕ್ಕನ ಪರವಾಗಿ ಬರೀದೆ ಇನ್ನೇನು ಬರೀತಾರೆ?" ಎಂದ.

ನಾನು ಸೌಮ್ಯವಾಗಿ ಮಾತನಾಡಲಿಲ್ಲ. "ಜನವರಿಯಲ್ಲಿ ಅವನನ್ನ ತಜ್ಞರು ಅಂದ್ರಿ. ಮೇ ತಿಂಗಳಿಗೆ ಬರೀ ತಮ್ಮ ಆಗ್ಬಿಟ್ನಾ? ನಿಮಿಷ ಕಿತ್ಕೊಳ್ಳೋವಾಗ ಅವನ ಮಾತು ಶಾಸ್ತ್ರ, ತಿರುಗಿ ಕೊಡೋವಾಗ ಮನೆ ಮಾತಾ?" ಎಂದೆ. ಮ್ಯಾನೇಜರ್ ಮುಖ ಕೆಳಗೆ ಹಾಕಿದ, ನಗು ತಡೆಯುತ್ತಿದ್ದನೋ ಏನೋ.

ದೊಡ್ಡ ಅಧಿಕಾರಿ ಒಂದು ಹಾಳೆ ಮುಂದಿಟ್ಟ. ವೈಯಕ್ತಿಕ ಒತ್ತಡದಿಂದಾಗಿ ಬಸ್ಸು ಬಿಟ್ಟು ಹೋದೆ, ಮುಂದೆ ಹೀಗೆ ಮಾಡುವುದಿಲ್ಲ, ಎಂದು ಬರೆದಿತ್ತು. "ಸಹಿ ಹಾಕಿ, ನಾಳೆಯಿಂದಲೇ ಕೆಲಸಕ್ಕೆ ಬನ್ನಿ. ಎಲ್ಲರಿಗೂ ಸುಲಭ" ಎಂದ. ನಿಜ ಹೇಳುತ್ತೇನೆ, ಪೆನ್ನು ಕೈಗೆ ತೆಗೆದುಕೊಂಡೆ. ಸ್ಟೀರಿಂಗ್ ನೆನಪಾಯಿತು. ಆಮೇಲೆ ಆ "ವೈಯಕ್ತಿಕ" ಎಂಬ ಮಾತು ನೋಡಿ ಪೆನ್ನು ಕೆಳಗಿಟ್ಟೆ. ಹದಿನೇಳನೆಯ ತಾರೀಕಿನದನ್ನು ಹೇಳಿದೆ. ಯಾವ ನಿಲ್ದಾಣ, ಎಷ್ಟು ಗಂಟೆ, ಎಷ್ಟು ಜನ ಇದ್ದರು, ಸೀಟನ್ನು ಯಾವ ಬಟ್ಟೆಯಿಂದ ಒರೆಸಿದೆ, ಎಲ್ಲ ಹೇಳಿದೆ. "ಅವತ್ತು ನಾನು ಬಸ್ಸು ಬಿಟ್ಟು ಹೋಗ್ಲಿಲ್ಲ ಸಾರ್. ಶಿಸ್ತು ಪಾಲಿಸಿದೆ. ಶಿಸ್ತು ಹಂಗಿರುತ್ತೆ" ಎಂದೆ. ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಬರೀ ಸಿಟ್ಟಿತ್ತು. ಮೂವರಲ್ಲಿ ಒಬ್ಬನೂ ಬಾಟಲಿ ಮುಟ್ಟಲಿಲ್ಲ.

ಸಹಿ ಹಾಕದೆ ಎದ್ದು ಬಂದೆ. ಕೆಲಸ ಹೋಯಿತು ಎಂದೇ ಭಾವನಿಗೆ ಹೇಳಿದೆ. ಅವರು ಟಿವಿ ಆರಿಸಿದರು, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ. "ಒಳ್ಳೇದು ಮಾಡ್ದೆ" ಎಂದರು.

ಮರುದಿನ ಸಂಜೆ ಗೊಣಗಜ್ಜನ ಫೋನ್. ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತು ಅವನು ಎಲ್ಲ ಕೇಳಿಸಿಕೊಂಡಿದ್ದನಂತೆ. "ನಿಂಗೆ ತಪ್ಪು ಪಾಠ ಹೇಳ್ಕೊಟ್ಟಿದ್ದೆ ಕಣಮ್ಮ. ಇವತ್ತು ಸರಿಮಾಡ್ದೆ. ಅಂಕಣದಲ್ಲಿ ನಿಜ ಬರ್ದೆ. ಮೂತ್ರ, ಒಂಬತ್ತು ನಿಮಿಷ, ವಯಸ್ಸಾಗಿದೆ, ಇನ್ನೂ ಬೇಗ ಬರಲ್ಲ ಅಂತ." ಅವನೊಬ್ಬನೇ ಅಲ್ಲ. ಆ ದಿನ ಮೂವತ್ತೊಂದು ಜನ ಹಾಗೆ ಬರೆದಿದ್ದಾರೆ, ಮರುದಿನ ಎಲ್ಲರೂ. ಮೂರನೇ ದಿನ ನಿಮಿಷರಾಯ ವಿವರಣೆ ಕೇಳಿದ್ದಾನೆ. ಅದಕ್ಕೆ ಚಾಲಕರು ವಿವರವಾಗಿಯೇ ಉತ್ತರ ಕೊಟ್ಟಿದ್ದಾರೆ, ಕೆಲವರು ಚಿತ್ರ ಸಹಿತ.

ಶುಕ್ರವಾರ ಆದೇಶ ಬಂತು. ನನ್ನ ಅಮಾನತು ರದ್ದು. ತುದಿಯ ಬಿಡುವು ಮತ್ತೆ ಎಂಟು ನಿಮಿಷ, "ಪ್ರಾಯೋಗಿಕವಾಗಿ". ಕ್ಷಮೆ ಎಂಬ ಮಾತು ಎಲ್ಲಿಯಾದರೂ ಇದೆಯಾ ಎಂದು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಇಲ್ಲ. ಇನ್ನೊಂದು ತುದಿಗೆ ಶೌಚಾಲಯ ಕೇಳಿ ಎಲ್ಲರೂ ಅರ್ಜಿ ಕೊಟ್ಟಿದ್ದೇವೆ. ಕೊಡದಿದ್ದರೆ ಅದಕ್ಕೂ ಬರೆಯುತ್ತೇವೆ, ದಿನವೂ.

ನಿನ್ನನ್ನು ಕಂಪನಿಯವರು ತೆಗೆದುಹಾಕಿದ್ದಾರೆ ಎಂದು ಮಗಳಿಂದ ಗೊತ್ತಾಯಿತು. ನನಗೆ ಹೇಳಬಾರದು ಎಂದಿದ್ದೆಯಂತೆ. ನಿನ್ನ ಬಚ್ಚಿಡುವ ಚಟ ಯಾವಾಗ ಹೋಗುತ್ತದೆ? ನಿನ್ನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಸುಳ್ಳು ಏಕೆ ಹೇಳಲಿ. ಆ ಹಾಳೆ ಬರೆಯಲು ನಿನಗೆ ನನ್ನ ಮಾನ ಹೋದ ಕತೆ ಬೇಕಾಯಿತಲ್ಲ ಎಂದು ನೆನೆದರೆ ಮತ್ತೆ ಏರುತ್ತದೆ. ಆದರೂ ಬರೆದೆ, ಹೆಸರು ಹಾಕಿದೆ. ಮಗಳ ಕೋಣೆ ಖಾಲಿ ಇದೆ. ಆ ಎದೆ ಬಡಿತದ ಮಾತ್ರೆಗಳನ್ನೂ ತೆಗೆದುಕೊಂಡು ಬಾ, ನಮ್ಮ ವೈದ್ಯರಿಗೆ ತೋರಿಸೋಣ.

ಸೋಮವಾರ ಕೆಲಸಕ್ಕೆ ಹೋದೆ. ಬೆಳಿಗ್ಗೆ ಬಂಕಿನ ತುದಿಗೆ ಬಂದು ಎಂಜಿನ್ ಆರಿಸಿ, ಎದ್ದು ನಿಂತು, ಕುಳಿತವರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ: "ನಾನು ಶೌಚಾಲಯಕ್ಕೆ ಹೋಗಿ ಬರ್ತೀನಿ. ಎಂಟು ನಿಮಿಷ ಆಗುತ್ತೆ." ನಾನು ಮೆಟ್ಟಿಲಿಳಿಯುವಾಗ ಹಿಂದಿನ ಸೀಟಿನಿಂದ ಒಬ್ಬ ಮುದುಕಿ, "ತಾಳಮ್ಮ, ತಾಳು, ನಾನೂ ಬರ್ತೀನಿ" ಎಂದು ಚೀಲ ಹಿಡಿದು ಎದ್ದಳು. ಅವಳ ಹಿಂದೆ ಬಸುರಿಯೊಬ್ಬಳು ಎದ್ದಳು. ಆಮೇಲೆ ಇನ್ನಿಬ್ಬರು. ಆ ಮುದುಕಿ ನನ್ನ ಬಸ್ಸಿಗೆ ಎರಡು ವರ್ಷದಿಂದ ಹತ್ತುತ್ತಾಳೆ, ಅವಳಿಗೂ ಬೇಕಿರುತ್ತದೆ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಐದು ಜನ ಕೈ ಅಡ್ಡ ಹಿಡಿದು ವಾಹನ ನಿ‌ಲ್ಲಿಸಿ ರಸ್ತೆ ದಾಟಿದೆವು. ಹದಿನಾಲ್ಕು ನಿಮಿಷ ಹಿಡಿಯಿತು, ಬಸ್ಸಿನಲ್ಲಿ ಉಳಿದವರು ಕಾದರು.

ಅಕ್ಕ